ಗುಂಡಿ ಇಲ್ಲಿ, ದೀಪ ಪಕ್ಕದ ಮನೆಯಲ್ಲಿ

ಗೋಡೆಗೂ ಕಿವಿಯಿದೆ ಎಂದು ಹಿರಿಯರು ಎಚ್ಚರಿಸುತ್ತಿದ್ದುದು ಗುಟ್ಟು ಮಾತನಾಡುವವರನ್ನು. ಈಗ ಗೋಡೆಗೆ ಮಾತ್ರವಲ್ಲ, ದೀಪಕ್ಕೆ, ಫ್ಯಾನಿಗೆ, ಬಾಗಿಲ ಬೀಗಕ್ಕೆ, ಕರೆಗಂಟೆಗೆ ಎಲ್ಲಕ್ಕೂ ಕಿವಿ ಬಂದಿದೆ. ಕುರ್ಚಿಯಲ್ಲಿ ಕುಳಿತೇ ಗುಂಡಿ ಒತ್ತಿದರೆ ಸಾಕು, ತಂತಿಯ ಹಂಗಿಲ್ಲದೆ ಕೆಲಸವಾಗುತ್ತದೆ. ತೊಂದರೆಯೆಂದರೆ ಈ ಕಿವಿಗಳು ಮನೆಯವರ ಮಾತನ್ನಷ್ಟೇ ಕೇಳುವುದಿಲ್ಲ. ಮೂರನೇ ಮಹಡಿಯ ಬಾಗಿಲಲ್ಲಿ ಯಾರೋ ನಿಸ್ತಂತು ಕರೆಗಂಟೆ ಒತ್ತುತ್ತಾರೆ. ಎರಡನೇ ಮಹಡಿಯವರು ಅಡುಗೆ ಬಿಟ್ಟು ಎದ್ದು ಬಂದು ಬಾಗಿಲು ತೆರೆದು, ಯಾರೂ ಇಲ್ಲವೆಂದು ಗೊಣಗಿಕೊಂಡು ಒಳಗೆ ಹೋಗುತ್ತಾರೆ. ಒಂದೇ ಮಾದರಿಯ ಗಂಟೆಯನ್ನು ಇಬ್ಬರೂ ಕೊಂಡಿದ್ದರೆ ಹೀಗಾಗುವುದು ಸಹಜ.

ಕರೆಗಂಟೆಯಾದರೆ ನಕ್ಕು ಸುಮ್ಮನಾಗಬಹುದು. ಬೀಗವಾದರೆ? ಊರ ಬೀದಿಯಲ್ಲಿ ಬಿಡಾಡಿ ದನಗಳಿರುವಂತೆ ಗಾಳಿಯಲ್ಲಿ ಬಿಡಾಡಿ ಸಂಕೇತಗಳಿವೆ. ಯಾರೋ ಯಾರಿಗೋ ಕಳುಹಿಸಿದ್ದು ಇನ್ನಾರದೋ ಮನೆಗೆ ನುಗ್ಗುತ್ತದೆ. ಇವನ್ನು ಹೊರಗೆ ನಿಲ್ಲಿಸುವ ಪ್ರಯತ್ನಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ತರಂಗವನ್ನು ಮನೆಯೊಳಗೆ ಕಟ್ಟಿಹಾಕಲು ಮೊದಲಿಗೆ ಎಂಜಿನಿಯರುಗಳು ಹೆಣಗಿದರು. ಅದು ಸಾಗದೆಂದು ತಿಳಿದ ಮೇಲೆ, ಯಾವ ಮಾತಿಗೆ ಕಿವಿಗೊಡಬಾರದು ಎಂಬುದನ್ನು ಯಂತ್ರಕ್ಕೆ ಕಲಿಸತೊಡಗಿದರು. ಯಂತ್ರಕ್ಕೆ ಕೇಳಿಸಿಕೊಳ್ಳುವುದನ್ನು ಕಲಿಸುವುದಕ್ಕಿಂತ ಕೇಳಿಸಿಕೊಳ್ಳದಿರುವುದನ್ನು ಕಲಿಸುವುದೇ ಕಷ್ಟವಾಯಿತು.

ಸಿಡಿಲಿಗೂ ಬಾರಿಸಿದ ಗಂಟೆ

1895ರ ಸುಮಾರಿಗೆ ಕಲ್ಕತ್ತೆಯ ಟೌನ್ ಹಾಲ್‌ನಲ್ಲಿ ಜಗದೀಶ ಚಂದ್ರ ಬೋಸರು ಒಂದು ಪ್ರಯೋಗ ತೋರಿಸಿದರು. ಅವರು ಹೊಮ್ಮಿಸಿದ ವಿದ್ಯುತ್ಕಾಂತ ತರಂಗ ಗೋಡೆಗಳನ್ನು ಹಾದು ಹೋಗಿ ದೂರದಲ್ಲಿದ್ದ ಗಂಟೆಯನ್ನು ಬಾರಿಸಿತು, ಮದ್ದಿನಪುಡಿಯನ್ನು ಸಿಡಿಸಿತು. ಗೋಡೆ ತಡೆಯಲಿಲ್ಲ ಎಂಬುದೇ ಅಂದಿನ ವಿಸ್ಮಯ. ಮುಂದೆ ತಲೆನೋವಾದದ್ದೂ ಅದೇ ಗುಣ.

ಅದೇ 1895ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಲೆಕ್ಸಾಂಡರ್ ಪೊಪೊವ್ ಸಿಡಿಲನ್ನು ಪತ್ತೆಹಚ್ಚುವ ಉಪಕರಣವೊಂದನ್ನು ಪ್ರದರ್ಶಿಸಿದರು. ದೂರದಲ್ಲೆಲ್ಲೋ ಮಿಂಚಿದರೆ ಇಲ್ಲಿ ಗಂಟೆ ಬಾರಿಸುತ್ತಿತ್ತು. ಅದರ ಒಳಗಿದ್ದುದು ಲೋಹದ ಪುಡಿ ತುಂಬಿದ ಗಾಜಿನ ಕೊಳವೆ. ವಿದ್ಯುತ್ ಕಿಡಿಯ ತರಂಗ ತಾಗಿದೊಡನೆ ಆ ಪುಡಿ ಅಂಟಿಕೊಂಡು ವಿದ್ಯುತ್ತನ್ನು ಹರಿಯಗೊಡುತ್ತದೆ. ಮೆಲ್ಲಗೆ ತಟ್ಟಿದರೆ ಮತ್ತೆ ಬಿಡಿಯಾಗುತ್ತದೆ. ಕೊಹೆರರ್ ಎಂಬ ಈ ಕೊಳವೆಯೇ ಮೊದಲ ಪೀಳಿಗೆಯ ರೇಡಿಯೋಗಳ ಕಿವಿ. ಪಾಪ, ಅದಕ್ಕೆ ತನ್ನವರು ಪರರು ಎಂಬ ಭೇದವೇ ಇರಲಿಲ್ಲ. ಒಡೆಯ ಕಳುಹಿಸಿದ ಕಿಡಿಯೂ ಒಂದೇ, ಆಕಾಶದ ಸಿಡಿಲೂ ಒಂದೇ.

ಈ ಅಪಾಯವನ್ನು ಬೇಗ ಮನಗಂಡವರು ನಿಕೋಲಾ ಟೆಸ್ಲಾ. 1898ರಲ್ಲಿ ಅವರು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯೊಂದನ್ನು ತೇಲಿಬಿಟ್ಟು, ತಂತಿಯಿಲ್ಲದೆ ಅದನ್ನು ತಿರುಗಿಸಿ, ಅದರ ದೀಪ ಹೊತ್ತಿಸಿ ಆರಿಸಿ ತೋರಿಸಿದರು. ನೋಡಿದವರಿಗೆ ಅದು ಮಾಟದಂತೆ ಕಂಡಿತು. ಇಂದಿನ ಎಲ್ಲ ರಿಮೋಟ್‌ಗಳ ಮುತ್ತಜ್ಜ ಅದು. ಅದಕ್ಕಿಂತ ಮುಖ್ಯವಾದದ್ದು ಟೆಸ್ಲಾ ಅನಂತರ ಮಾಡಿದ ಕೆಲಸ. ಎರಡು ಬೇರೆ ಬೇರೆ ಆವರ್ತನದ ತರಂಗಗಳು ಕೂಡಿ ಬಂದರಷ್ಟೇ ಯಂತ್ರ ಚಲಿಸಬೇಕು, ಒಂದೇ ಬಂದರೆ ಅಲುಗಾಡಬಾರದು ಎಂಬ ಏರ್ಪಾಟಿಗೆ ಅವರು 1903ರಲ್ಲಿ ಪೇಟೆಂಟ್ ಪಡೆದರು. ಬ್ಯಾಂಕಿನ ಲಾಕರ್ ತೆರೆಯಲು ಎರಡು ಕೀಲಿ ಬೇಕಲ್ಲ, ಹಾಗೆ. ದಾರಿತಪ್ಪಿ ಬಂದ ಸಂಕೇತ ಒಂದು ಕೀಲಿಯನ್ನು ಹೊತ್ತು ತರಬಹುದು. ಎರಡನ್ನೂ ತರುವ ಸಂಭವ ಕಡಿಮೆ. ದೋಣಿಯ ಕಥೆ ಎಲ್ಲರಿಗೂ ಗೊತ್ತು. ಈ ಜೋಡಿ ಕೀಲಿಯ ಯೋಚನೆಯನ್ನು ನೆನೆಯುವವರು ಕಡಿಮೆ, ಆದರೆ ಮನೆಗಳಿಗೆ ಉಪಕಾರ ಮಾಡಿದ್ದು ಅದೇ.

ಅದೇ 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಅವರ ಉಪನ್ಯಾಸವಿತ್ತು. ದೂರದಿಂದ ಮಾರ್ಕೋನಿ ಕಳುಹಿಸುವ ಸಂದೇಶವನ್ನು ಸಭೆಯ ಎದುರು ಸ್ವೀಕರಿಸಿ ತೋರಿಸಬೇಕಿತ್ತು. ತಮ್ಮ ಉಪಕರಣಗಳು ಸರಿಯಾಗಿ ಶ್ರುತಿಗೊಂಡಿರುವುದರಿಂದ ಬೇರೆಯವರು ಅವುಗಳ ಮಾತಿನ ನಡುವೆ ಬರಲಾರರು ಎಂಬುದು ಮಾರ್ಕೋನಿಯ ಹೆಮ್ಮೆ. ಅದನ್ನು ಪರೀಕ್ಷಿಸಲೆಂದೇ ಜಾದೂಗಾರ ನೆವಿಲ್ ಮಾಸ್ಕೆಲಿನ್ ಸಮೀಪದಲ್ಲಿ ತನ್ನದೇ ಟ್ರಾನ್ಸ್‌ಮಿಟರ್ ಹೂಡಿ ಕುಳಿತಿದ್ದ. ಮಾರ್ಕೋನಿಯ ಸಂದೇಶಕ್ಕೆ ಮೊದಲೇ ಸಭೆಯ ಯಂತ್ರದಲ್ಲಿ ಮೋರ್ಸ್ ಲಿಪಿಯಲ್ಲಿ ಬಂದ ಪದ 'ಇಲಿಗಳು'. ಅದೂ ಮತ್ತೆ ಮತ್ತೆ. ಹಿಂದೆಯೇ ಮಾರ್ಕೋನಿಯನ್ನು ಅಣಕಿಸುವ ಪದ್ಯ. ಫ್ಲೆಮಿಂಗ್ ಸಿಟ್ಟಿಗೆದ್ದು 'ದಿ ಟೈಮ್ಸ್' ಪತ್ರಿಕೆಗೆ ಬರೆದು ಇದನ್ನು ವೈಜ್ಞಾನಿಕ ಪುಂಡಾಟಿಕೆ ಎಂದು ಜರೆದರು. ಮಾಸ್ಕೆಲಿನ್ ಅಷ್ಟೇ ಬಹಿರಂಗವಾಗಿ, ತಾನೇ ಮಾಡಿದ್ದು ಎಂದು ಒಪ್ಪಿಕೊಂಡ. ಪುಂಡಾಟಿಕೆಯೇ ಇರಬಹುದು. ಆದರೆ ಶ್ರುತಿ ಒಂದೇ ಸಾಕಾಗದು ಎಂಬ ಪಾಠವನ್ನು ಅಷ್ಟು ಚೆನ್ನಾಗಿ ಬೇರಾರೂ ಹೇಳಿರಲಿಲ್ಲ.

ಬಿಸಿಲು ಬದಲಿಸಿದ ಚಾನೆಲ್

ದೂರನಿಯಂತ್ರಣ ನಡುಮನೆಗೆ ಬಂದದ್ದು ರೇಡಿಯೋ ಪೆಟ್ಟಿಗೆಯೊಡನೆ. ಅಮೆರಿಕದ ಫಿಲ್ಕೋ ಕಂಪೆನಿ ತನ್ನ 1939ರ ಮಾದರಿಗಳಿಗಾಗಿ 'ಮಿಸ್ಟರಿ ಕಂಟ್ರೋಲ್' ಎಂಬ ಮರದ ಪೆಟ್ಟಿಗೆಯನ್ನು ತಂದಿತು. ಮೇಲೆ ಹಳೆಯ ಟೆಲಿಫೋನಿನಂಥ ತಿರುಗುಬಿಲ್ಲೆ. ಬೆರಳಿಟ್ಟು ತಿರುಗಿಸಿದರೆ ಇಷ್ಟು ಮಿಡಿತ ಎಂದು ರೇಡಿಯೋ ಎಣಿಸಿಕೊಂಡು ಬೇಕಾದ ನಿಲಯಕ್ಕೆ ಹೊರಳುತ್ತಿತ್ತು.

ಟೆಲಿವಿಷನ್ ಬಂದಾಗ ಜೆನಿತ್ ಕಂಪೆನಿಯ ಎಂಜಿನಿಯರುಗಳು ರೇಡಿಯೋ ತರಂಗವನ್ನು ಬೇಡವೆಂದರು. ಕಾರಣ ಸರಳ. ಒಂದೇ ಕಟ್ಟಡದಲ್ಲಿ ಹತ್ತಾರು ಸಂಸಾರಗಳಿರುವಾಗ ಗೋಡೆ ದಾಟುವ ತರಂಗ ಪಕ್ಕದ ಮನೆಯ ಟೀವಿಯನ್ನೂ ತಿರುಗಿಸಿಬಿಡುತ್ತದೆ. ಹಾಗಾದರೆ ಗೋಡೆ ದಾಟದ್ದೇನು? ಬೆಳಕು. 1955ರಲ್ಲಿ ಯೂಜೀನ್ ಪಾಲಿ ಅವರ 'ಫ್ಲ್ಯಾಶ್‌ಮ್ಯಾಟಿಕ್' ಬಂತು. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕಣ್ಣುಗಳು. ಪಿಸ್ತೂಲಿನಂಥ ಟಾರ್ಚಿನಿಂದ ಬೇಕಾದ ಮೂಲೆಗೆ ಗುರಿಯಿಟ್ಟರೆ ಕೆಲಸವಾಯಿತು. ನೆರೆಮನೆಯ ಕಾಟ ತಪ್ಪಿತು. ಆದರೆ ಕಿಟಕಿಯಿಂದ ಬಿಸಿಲು ಬಿದ್ದಾಗ ಸೂರ್ಯನೇ ಚಾನೆಲ್ ಬದಲಿಸತೊಡಗಿದ!

ಮರುವರ್ಷ, 1956ರಲ್ಲಿ, ವಿಯೆನ್ನಾ ಮೂಲದ ರಾಬರ್ಟ್ ಆಡ್ಲರ್ ಬೆಳಕನ್ನು ಬಿಟ್ಟು ಧ್ವನಿಯನ್ನು ಹಿಡಿದರು. 'ಸ್ಪೇಸ್ ಕಮ್ಯಾಂಡ್' ರಿಮೋಟ್‌ನಲ್ಲಿ ಬ್ಯಾಟರಿಯೇ ಇರಲಿಲ್ಲ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು. ಒಂದೊಂದು ಸರಳಿಗೂ ಒಂದೊಂದು ಉದ್ದ, ಒಂದೊಂದು ಸ್ವರ. ಎಲ್ಲವೂ ಮನುಷ್ಯನ ಕಿವಿಗೆ ನಿಲುಕದ ಎತ್ತರದವು. ಧ್ವನಿ ಗೋಡೆ ದಾಟುವುದು ಕಡಿಮೆ, ಬಿಸಿಲಿಗೆ ಧ್ವನಿಯಿಲ್ಲ. ಜಾಣ ಉಪಾಯವೇ. ಆದರೆ ಕೀಲಿಗೊಂಚಲು ಝಣಝಣಿಸಿದಾಗ, ನಾಯಿಯ ಕೊರಳಪಟ್ಟಿಯ ಲೋಹದ ಬಿಲ್ಲೆ ಕಿಣಿಗುಟ್ಟಿದಾಗ ಆ ಸದ್ದಿನಲ್ಲಿಯೂ ಅದೇ ಎತ್ತರದ ಸ್ವರಗಳಿರುತ್ತಿದ್ದವು. ನಾಯಿ ಮೈ ಕೊಡವಿದರೆ ಕಾರ್ಯಕ್ರಮ ಬದಲಾಗುತ್ತಿತ್ತು. ಅಷ್ಟಾದರೂ ಈ ವಿಧಾನ 1980ರ ದಶಕದ ಆರಂಭದವರೆಗೂ ಬಾಳಿತು.

ಅದನ್ನು ಸರಿಸಿದ್ದು ಅತಿಗೆಂಪು ಕಿರಣ. ಮತ್ತೆ ಬೆಳಕೇ, ಆದರೆ ಈ ಸಲ ಬುದ್ಧಿ ಕಲಿತ ಬೆಳಕು. ಅದು ಸುಮ್ಮನೆ ಬೆಳಗುವುದಿಲ್ಲ. ಸೆಕೆಂಡಿಗೆ 36 ಸಾವಿರದಿಂದ 40 ಸಾವಿರ ಸಲ ಮಿನುಗುತ್ತದೆ. ಟೀವಿಯ ಕಣ್ಣು ಆ ಮಿನುಗನ್ನು ಮಾತ್ರ ಹುಡುಕಿ, ಒಂದೇ ಸಮನೆ ಬೀಳುವ ಬಿಸಿಲನ್ನು ಕಡೆಗಣಿಸುತ್ತದೆ. ಅದರ ಮೇಲೆ, ಇದು ಟೀವಿಗೆ ಹೇಳಿದ್ದೋ ಟೇಪ್‌ರೆಕಾರ್ಡರಿಗೆ ಹೇಳಿದ್ದೋ ಎಂಬ ವಿಳಾಸವನ್ನೂ ಸಂಕೇತದಲ್ಲಿ ಸೇರಿಸಲಾಯಿತು. ತರಂಗವನ್ನು ತಡೆಯುವುದಕ್ಕಿಂತ ಹೆಸರು ಹಿಡಿದು ಕರೆಯುವುದು ಮೇಲು ಎಂಬ ತಿಳಿವಳಿಕೆ ಇಲ್ಲಿ ನೆಲೆಯೂರಿತು. ಆದರೆ ಬೆಳಕು ಮೂಲೆ ತಿರುಗಲಾರದು. ನಡುಮನೆಯಿಂದ ಹಿತ್ತಲ ದೀಪ ಹಚ್ಚಬೇಕೆಂದರೆ, ಕಾರಿನಿಂದಲೇ ಗ್ಯಾರೇಜಿನ ಬಾಗಿಲು ತೆರೆಯಬೇಕೆಂದರೆ ರೇಡಿಯೋ ತರಂಗವೇ ಗತಿ.

'ಎ' ಅಕ್ಷರದ ಮನೆಗಳು

ಮನೆಯ ಎಲ್ಲ ಉಪಕರಣಗಳನ್ನೂ ಒಂದೇ ಕೈಗೆ ಕೊಡುವ ಯೋಜನೆ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲೆನ್‌ರಾತಿಸ್ ಎಂಬ ಊರಿನಲ್ಲಿ. ಅಲ್ಲಿನ ಪಿಕೋ ಎಲೆಕ್ಟ್ರಾನಿಕ್ಸ್ ಕಂಪೆನಿ 1975ರಲ್ಲಿ ಕೈಗೆತ್ತಿಕೊಂಡ ಹತ್ತನೆಯ ಯೋಜನೆಯಾದ್ದರಿಂದ ಅದಕ್ಕೆ 'ಎಕ್ಸ್-10' ಎಂದೇ ಹೆಸರು ನಿಂತಿತು. 1978ರಿಂದ ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾಗತೊಡಗಿದ ಇದರ ಸಂಕೇತ ಹರಿಯುತ್ತಿದ್ದುದು ಮನೆಯ ವಿದ್ಯುತ್ ತಂತಿಯಲ್ಲಿಯೇ. ಮನೆಯ ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುತ್ತಾ ಸೊನ್ನೆಯನ್ನು ದಾಟುತ್ತಿರುತ್ತದೆ. ಆ ಸೊನ್ನೆಯ ಗಳಿಗೆಯಲ್ಲಿ ಗದ್ದಲ ಕಡಿಮೆ. ಆಗ 120 ಕಿಲೋಹರ್ಟ್ಸ್‌ನ ಒಂದು ಕಿರು ಮಿಡಿತವನ್ನು ತಂತಿಗೆ ನೂಕುವುದು ಎಕ್ಸ್-10ರ ತಂತ್ರ. ತಪ್ಪು ಕೇಳಿಸದಿರಲೆಂದು ಪ್ರತಿ ಮಿಡಿತದ ಹಿಂದೆ ಅದರ ವಿರುದ್ಧ ರೂಪವನ್ನೂ ಕಳುಹಿಸುತ್ತಿತ್ತು. ಇಡೀ ಆಜ್ಞೆಯನ್ನು ಎರಡು ಸಲ ಹೇಳುತ್ತಿತ್ತು. ಹೀಗಾಗಿ ಒಂದು ದೀಪ ಹೊತ್ತಲು ಮುಕ್ಕಾಲು ಸೆಕೆಂಡು.

ಇದರಲ್ಲಿ ಮನೆಗೊಂದು ಅಕ್ಷರ, 'ಎ'ಯಿಂದ 'ಪಿ'ವರೆಗೆ 16. ಒಂದೊಂದು ಅಕ್ಷರಕ್ಕೆ 16 ಉಪಕರಣ. ಒಟ್ಟು 256 ವಿಳಾಸಗಳು. ಒಂದು ಮನೆಗೆ ಧಾರಾಳವಾಯಿತು, ಆದರೆ ಒಂದು ಬೀದಿಗೆ? ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹಲವು ಮನೆಗಳಿಗೆ ವಿದ್ಯುತ್ ಹೋಗುವ ಕಡೆ ಸಂಕೇತವೂ ಮೀಟರಿನ ಹಿಂದಿನ ತಂತಿ ಹಿಡಿದು ನೆರೆಮನೆಗೆ ಹೋಗುತ್ತಿತ್ತು. ಪೆಟ್ಟಿಗೆಯಿಂದ ತೆಗೆದಾಗ ಬಿಲ್ಲೆ 'ಎ' ಮೇಲೆಯೇ ಇರುತ್ತಿತ್ತು, ಬಹಳ ಮಂದಿ ಅದನ್ನು ಮುಟ್ಟುತ್ತಲೂ ಇರಲಿಲ್ಲ. ಎರಡು ಮನೆಯೂ 'ಎ' ಆದರೆ ಇವರು ಮಲಗುವ ಮುನ್ನ ದೀಪ ಆರಿಸಿದಾಗ ಅವರ ಮನೆಯಲ್ಲಿ ಕತ್ತಲು.

ತಂತಿ ಇರದ ಕಡೆಗೆಂದು ಕೈ ರಿಮೋಟ್‌ಗಳೂ ಬಂದವು. ರಿಮೋಟ್ ರೇಡಿಯೋ ತರಂಗದಲ್ಲಿ ಹೇಳಿದ್ದನ್ನು ಗೋಡೆಯ ಪ್ಲಗ್ಗಿನಲ್ಲಿ ಕುಳಿತ ಪುಟ್ಟ ಪೆಟ್ಟಿಗೆ ಕೇಳಿಸಿಕೊಂಡು ತಂತಿಗೆ ದಾಟಿಸುತ್ತಿತ್ತು. ನೆರೆಮನೆಯ ಅಕ್ಷರವೂ ಅದೇ ಆಗಿದ್ದರೆ ಅವರ ರಿಮೋಟಿನ ಮಾತೂ ಈ ಪೆಟ್ಟಿಗೆಯ ಮೂಲಕ ಮನೆಯೆಲ್ಲ ಹಬ್ಬುತ್ತಿತ್ತು. ಬಿಡಾಡಿ ಸಂಕೇತಕ್ಕೆ ಹೀಗೆ ಎರಡು ಬಾಗಿಲು, ಒಂದು ಗಾಳಿಯಲ್ಲಿ, ಇನ್ನೊಂದು ತಂತಿಯಲ್ಲಿ. ತಂತಿಯ ಬಾಗಿಲಿಗೆ ಮೀಟರಿನ ಬಳಿ ಸೋಸುಕ ಕೂಡಿಸಬಹುದಿತ್ತು. ಗಾಳಿಯದಕ್ಕೆ ಅಕ್ಷರ ಬದಲಿಸುವುದೊಂದೇ ದಾರಿ. ನೆರೆಯವರೊಡನೆ ಮಾತುಕತೆ ಚೆನ್ನಾಗಿದ್ದರೆ ಅದೂ ಸುಲಭ.

ಇದೆಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇತ್ತು. ಮೊದಮೊದಲ ಎಕ್ಸ್-10 ಉಪಕರಣಗಳು ಕೇಳುತ್ತಿದ್ದವೇ ಹೊರತು ಉತ್ತರ ಕೊಡುತ್ತಿರಲಿಲ್ಲ. ಆಜ್ಞೆ ತಲುಪಿತೋ, ದಾರಿಯಲ್ಲೇ ಕರಗಿತೋ, ಯಾರದೋ ಆಜ್ಞೆಗೆ ದೀಪ ಹೊತ್ತಿತೋ ತಿಳಿಯಬೇಕಾದರೆ ಎದ್ದು ಹೋಗಿ ನೋಡಬೇಕಿತ್ತು.

ಒಮ್ಮೆ ಹೇಳಿದ ಮಾತು ಮತ್ತೆ ನಡೆಯದು

ಅಮೆರಿಕದ ಗ್ಯಾರೇಜುಗಳಲ್ಲಿ ರೇಡಿಯೋದಿಂದ ತೆರೆಯುವ ಬಾಗಿಲುಗಳು 1950ರ ದಶಕದಲ್ಲಿಯೇ ಬಳಕೆಗೆ ಬಂದಿದ್ದವು. ಮೊದಲಿನವು ಇಂಥ ಆವರ್ತನದ ತರಂಗ ತಾಗಿದರೆ ತೆರೆ ಎಂಬಷ್ಟನ್ನೇ ಬಲ್ಲವು. ಬೀದಿಯಲ್ಲಿ ಇಬ್ಬರ ಮನೆಯಲ್ಲಿ ಒಂದೇ ಯಂತ್ರವಿದ್ದರೆ ಒಬ್ಬರು ಮನೆಗೆ ಬಂದಾಗ ಇಬ್ಬರ ಬಾಗಿಲೂ ತೆರೆಯುತ್ತಿತ್ತು. ಆಮೇಲೆ ರಿಮೋಟಿನೊಳಗೆ ಚಿಕ್ಕ ಚಿಕ್ಕ ಸ್ವಿಚ್ಚುಗಳ ಸಾಲು ಬಂತು. ಎಂಟು ಸ್ವಿಚ್ಚಿದ್ದರೆ 256 ಗುಟ್ಟಿನ ಸಂಖ್ಯೆ, ಹನ್ನೆರಡಿದ್ದರೆ 4096. ನೆರೆಯವರ ಆಕಸ್ಮಿಕಕ್ಕೆ ಇಷ್ಟು ಸಾಕು. ಕಳ್ಳನಿಗೆ ಸಾಲದು. ಅವನು ಒಮ್ಮೆ ಕೇಳಿ ಬರೆದಿಟ್ಟುಕೊಂಡರೆ ಮುಗಿಯಿತು. 4096 ಸಂಖ್ಯೆಗಳನ್ನೂ ಹತ್ತು ಸೆಕೆಂಡಿನೊಳಗೆ ಕೂಗಿ ಮುಗಿಸಬಹುದೆಂದು 2015ರಲ್ಲಿ ಸ್ಯಾಮಿ ಕಾಮ್‌ಕರ್ ಎಂಬ ಸಂಶೋಧಕರು ಮಕ್ಕಳ ಹಳೆಯ ಆಟಿಕೆಯೊಂದನ್ನು ಮಾರ್ಪಡಿಸಿ ತೋರಿಸಿದರು.

ಇದಕ್ಕೆ ಉತ್ತರ 1980ರ ದಶಕದಲ್ಲಿಯೇ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿತ್ತು. ಗಿಡಿಯನ್ ಕೂನ್ ಯೋಚಿಸಿ, ನ್ಯಾನೋಟೆಕ್ ಕಂಪೆನಿಯ ವಿಲೆಮ್ ಸ್ಮಿಟ್ ಚಿಪ್ಪಿಗೆ ಇಳಿಸಿದ 'ಕೀಲಾಕ್' ಪದ್ಧತಿಯಲ್ಲಿ ಗುಟ್ಟಿನ ಮಾತು ಪ್ರತಿ ಸಲವೂ ಬೇರೆ. ರಿಮೋಟಿನಲ್ಲೊಂದು ಎಣಿಕೆ ನಡೆಯುತ್ತಿರುತ್ತದೆ. ಒತ್ತಿದಾಗಲೆಲ್ಲ ಎಣಿಕೆ ಒಂದು ಏರುತ್ತದೆ, ಅದನ್ನೇ ಗೂಢಲಿಪಿಯಲ್ಲಿ ಸುತ್ತಿ ಕಳುಹಿಸುತ್ತದೆ. ಬಾಗಿಲಿನ ಯಂತ್ರವೂ ಅದೇ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಹಿಂದಿನ ಎಣಿಕೆ ಮತ್ತೆ ಬಂದರೆ ತೆರೆಯುವುದಿಲ್ಲ. ಮಗು ರಿಮೋಟ್ ಹಿಡಿದು ಆಟವಾಡಿ ಎಣಿಕೆ ಮುಂದೆ ಹೋಗಿಬಿಟ್ಟರೆ? ಅದಕ್ಕೂ ಸೌಲಭ್ಯವಿದೆ. ಮುಂದಿನ 16 ಎಣಿಕೆಯವರೆಗೆ ಯಂತ್ರ ತಕರಾರಿಲ್ಲದೆ ಒಪ್ಪುತ್ತದೆ. ಅದನ್ನೂ ದಾಟಿದ್ದರೆ ಬೆನ್ನುಬೆನ್ನಿಗೆ ಎರಡು ಸರಿ ಸಂಕೇತ ಬರಲಿ ಎಂದು ಕಾಯುತ್ತದೆ. 1995ರಲ್ಲಿ ಮೈಕ್ರೋಚಿಪ್ ಕಂಪೆನಿ ಇದನ್ನು ಒಂದು ಕೋಟಿ ಡಾಲರಿಗೂ ಮೀರಿದ ಬೆಲೆಗೆ ಕೊಂಡಿತು. ಒಂದು ದಶಕದ ನಂತರ ಗಣಿತಜ್ಞರು ಅದರ ಗೂಢಲಿಪಿಯನ್ನೂ ಭೇದಿಸಿದರೆಂಬುದು ಬೇರೆ ಮಾತು.

ಎಷ್ಟೇ ಜಾಣ ಕಿವಿಯಾದರೂ ಪಕ್ಕದಲ್ಲಿ ತಮಟೆ ಬಾರಿಸಿದರೆ ಏನು ಮಾಡೀತು? ಅಮೆರಿಕದ ಗ್ಯಾರೇಜ್ ಯಂತ್ರಗಳಲ್ಲಿ ಬಹಳಷ್ಟು 390 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತಿದ್ದವು. ಆ ಜಾಗ ಸೈನ್ಯದ್ದು. ದಶಕಗಳ ಕಾಲ ಸೈನ್ಯ ಅಲ್ಲಿ ಹೆಚ್ಚು ಮಾತನಾಡದಿದ್ದುದರಿಂದ ಇವು ನೆಮ್ಮದಿಯಾಗಿದ್ದವು. 2004ರಲ್ಲಿ ಫ್ಲೋರಿಡಾದ ಎಗ್ಲಿನ್ ವಾಯುನೆಲೆಯಲ್ಲಿ ಹೊಸ ರೇಡಿಯೋಗಳ ಪರೀಕ್ಷೆ ನಡೆದಾಗ ಸುತ್ತಲಿನ ಮನೆಗಳ ರಿಮೋಟ್‌ಗಳು ಮೂಕವಾದವು. ದೂರು ಹೆಚ್ಚಿ, 2005ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಈ ಬಗ್ಗೆ ವರದಿಯನ್ನೇ ಬರೆಯಬೇಕಾಯಿತು. ಆದರೆ ಮನೆಯವರ ಪರ ಕಾನೂನಿರಲಿಲ್ಲ. ಲೈಸೆನ್ಸ್ ಬೇಡದ ಉಪಕರಣ ಯಾರಿಗೂ ಅಡ್ಡಿ ಮಾಡಬಾರದು, ತನಗೆ ಬರುವ ಅಡ್ಡಿಯನ್ನು ಸಹಿಸಿಕೊಳ್ಳಬೇಕು ಎಂಬುದು ಅಲ್ಲಿನ ನಿಯಮ. ಗೋಮಾಳದಲ್ಲಿ ಗುಡಿಸಲು ಹಾಕಿಕೊಂಡವರ ಪಾಡು ಇದು.

ಸರದಿ ಕಾಯುವ ದೀಪಗಳು

ಹಾಗೆ ನೋಡಿದರೆ ಇಂದಿನ ಸ್ವಯಂಚಾಲಿತ ಮನೆಗಳೆಲ್ಲ ನಿಂತಿರುವುದು ಇಂಥ ಗೋಮಾಳದ ಮೇಲೆಯೇ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ, ಕಾರ್ಖಾನೆ ಮತ್ತು ವೈದ್ಯಕೀಯ ಯಂತ್ರಗಳು ಚೆಲ್ಲುವ ತರಂಗಗಳಿಗೆಂದು ಕೆಲವು ಪಟ್ಟಿಗಳನ್ನು ಬಿಟ್ಟುಕೊಟ್ಟಿತು. ಮೈಕ್ರೋವೇವ್ ಒಲೆ ಕುದಿಸುವುದು ಅಂಥ ಒಂದು ಪಟ್ಟಿಯಲ್ಲಿ. 1985ರಲ್ಲಿ ಅಮೆರಿಕ ಆ ಜಾಗಗಳಲ್ಲಿ ಲೈಸೆನ್ಸ್ ಇಲ್ಲದೆ ಮಾತನಾಡಲೂ ಅವಕಾಶ ಕೊಟ್ಟಿತು. ಭಾರತ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನೂ ಲೈಸೆನ್ಸ್ ಮುಕ್ತಗೊಳಿಸಿದ್ದು 2005ರಲ್ಲಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವೈ-ಫೈ, ಬ್ಲೂಟೂತ್, ದೀಪ, ಬೀಗ, ಒಲೆ ಎಲ್ಲವೂ ಒಂದೇ ಓಣಿಯಲ್ಲಿ ಓಡಾಡುವುದು ಇದರ ಫಲ.

ಇಷ್ಟು ಜನ ಒಟ್ಟಿಗೆ ಬಾಳುವ ರೀತಿ ಬಂದದ್ದು ಹವಾಯಿ ದ್ವೀಪಗಳಿಂದ. 1971ರಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ 'ಅಲೋಹಾ' ಎಂಬ ರೇಡಿಯೋ ಜಾಲ ನಡೆಸಿದರು. ಇಬ್ಬರು ಒಟ್ಟಿಗೆ ಮಾತನಾಡಿ ಮಾತು ಕೆಟ್ಟರೆ, ಇಬ್ಬರೂ ಬೇರೆ ಬೇರೆ ಹೊತ್ತು ಕಾದು ಮತ್ತೆ ಹೇಳಬೇಕು. ಎಷ್ಟು ಕಾಯಬೇಕೆಂಬುದು ಚೀಟಿ ಎತ್ತಿದಂತೆ. 2003ರಲ್ಲಿ ರೂಪುಗೊಂಡು ಮುಂದೆ ಜಿಗ್‌ಬೀಗೆ ತಳಹದಿಯಾದ ಮಾನದಂಡದಲ್ಲಿ ದೀಪವೂ ಹೀಗೆಯೇ ನಡೆದುಕೊಳ್ಳುತ್ತದೆ: ಮೊದಲು ಆಲಿಸು, ಗದ್ದಲವಿದ್ದರೆ ಕಾಯಿ, ಹೇಳಿದ ಮೇಲೆ 'ಕೇಳಿಸಿತು' ಎಂಬ ಮರುದನಿ ಬಾರದಿದ್ದರೆ ಮತ್ತೆ ಹೇಳು.

ಹೆಸರುಗಳ ಬಡತನವೂ ನೀಗಿತು. 1999ರಲ್ಲಿ ಕೋಪನ್‌ಹೇಗನ್ನಿನ ಝೆನ್ಸಿಸ್ ಕಂಪೆನಿ ರೂಪಿಸಿದ ಝೆಡ್-ವೇವ್ ಪದ್ಧತಿಯಲ್ಲಿ ಪ್ರತಿ ಮನೆಗೂ 32 ಬಿಟ್‌ಗಳ ಗುರುತು. ಎಕ್ಸ್-10ರ 16 ಅಕ್ಷರಗಳೆಲ್ಲಿ, ಇಲ್ಲಿ ಸಾಧ್ಯವಾಗುವ 429 ಕೋಟಿ ಗುರುತುಗಳೆಲ್ಲಿ! ಹೊಸ ದೀಪವನ್ನು ಮನೆಗೆ ತಂದಾಗ ಸೊಸೆಯನ್ನು ಮನೆತುಂಬಿಸಿಕೊಂಡಂತೆ ಅದನ್ನು ಒಮ್ಮೆ ಸೇರಿಸಿಕೊಳ್ಳಬೇಕು. ಆಮೇಲೆ ಅದು ಬೇರೆ ಮನೆಯವರ ಕರೆಗೆ ಓಗೊಡುವುದಿಲ್ಲ.

ಆದರೂ ಬಿಡಾಡಿ ಸಂಕೇತಗಳು ತೀರಿಹೋಗಿಲ್ಲ. 433 ಮೆಗಾಹರ್ಟ್ಸ್‌ನಲ್ಲಿ ಮಾತನಾಡುವ ಅಗ್ಗದ ತಾಪಮಾಪಕಗಳು, ಮಳೆಮಾಪಕಗಳು, ಬಾಗಿಲಿನ ಸೂಚಕಗಳು ಇಂದಿಗೂ ಹಳೆಯ ಜಾಯಮಾನದವೇ. ಯಾರನ್ನೂ ಕೇಳದೆ, ಉತ್ತರಕ್ಕೂ ಕಾಯದೆ, ನಿಮಿಷಕ್ಕೊಮ್ಮೆಯೋ ಎರಡು ಸಲವೋ ತಮ್ಮ ಲೆಕ್ಕವನ್ನು ಗಾಳಿಗೆ ಕೂಗಿ ಸುಮ್ಮನಾಗುತ್ತವೆ. ಟೀವಿ ನೋಡಲು ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ರಿಸೀವರನ್ನೇ ಎಲ್ಲ ತರಂಗಗಳಿಗೂ ಕಿವಿಯಾಗಿಸಬಹುದು ಎಂಬುದು 2012ರ ಸುಮಾರಿಗೆ ಹವ್ಯಾಸಿಗಳ ನಡುವೆ ಹರಡಿತು. ಅದನ್ನು ಹಚ್ಚಿ ಕುಳಿತವರ ಕಂಪ್ಯೂಟರಿನ ಪರದೆ ಬೀದಿಯ ಸುದ್ದಿಯಿಂದ ತುಂಬುತ್ತದೆ. ನೆರೆಯವರ ತಾರಸಿಯ ಉಷ್ಣತೆ, ಎದುರು ಮನೆಯ ಕರೆಗಂಟೆ, ಹಾದುಹೋಗುವ ಕಾರಿನ ಟೈರಿನಲ್ಲಿ ಎಷ್ಟು ಗಾಳಿಯಿದೆ ಎಂಬುದು ಕೂಡ! ಟೈರಿನೊಳಗಿನ ಒತ್ತಡಮಾಪಕವೂ ಕೆಲವು ದೇಶಗಳಲ್ಲಿ ಇದೇ ಓಣಿಯಲ್ಲಿ ಮಾತನಾಡುತ್ತದೆ.

ಇವುಗಳಲ್ಲಿ ತನ್ನದನ್ನು ಆರಿಸಿಕೊಳ್ಳಲು ಮನೆಯವನು ಒಂದು ಪಟ್ಟಿ ಇಟ್ಟುಕೊಳ್ಳುತ್ತಾನೆ. ಇಂಥ ಗುರುತಿನ ಸಂಖ್ಯೆ ಇದ್ದರೆ ಮಾತ್ರ ಒಳಗೆ ಬಿಡು, ಉಳಿದದ್ದನ್ನು ಕೈಬಿಡು ಎಂದು ಕಂಪ್ಯೂಟರಿಗೆ ಹೇಳುತ್ತಾನೆ. ಕೆಲವು ತಿಂಗಳು ನೆಮ್ಮದಿ. ಅನಂತರ ಒಂದು ದಿನ ಮಾಪಕದ ಬ್ಯಾಟರಿ ಮುಗಿಯುತ್ತದೆ. ಅಗ್ಗದ ಮಾಪಕಗಳಲ್ಲಿ ಹಲವು, ಹೊಸ ಬ್ಯಾಟರಿ ಹಾಕಿದೊಡನೆ ಹಳೆಯ ಸಂಖ್ಯೆಯನ್ನು ಮರೆತು ಮನಸ್ಸಿಗೆ ಬಂದ ಹೊಸ ಸಂಖ್ಯೆಯನ್ನು ಆರಿಸಿಕೊಳ್ಳುತ್ತವೆ. ಪಟ್ಟಿ ಅದನ್ನು ಗುರುತಿಸದೆ ಹೊರಗೆ ಹಾಕುತ್ತದೆ. ಮನೆಯ ಮಾಪಕವೇ ಮನೆಗೆ ಬಿಡಾಡಿಯಾಗುತ್ತದೆ. ಆಗ ಮಾಡುವ ಉಪಾಯ ತೀರ ಹಳೆಯ ಕಾಲದ್ದು. ಮಾಪಕವನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಐದು ನಿಮಿಷ ಕುಳಿತು, ಪರದೆಯ ಮೇಲಿನ ಅಪರಿಚಿತ ಸಂಖ್ಯೆಗಳಲ್ಲಿ ಯಾವುದರ ಉಷ್ಣತೆ ಏರುತ್ತಿದೆ ಎಂದು ನೋಡುವುದು.